ಪಿಸಿಓಡಿ, ಎಚ್‌ಪಿವಿ, ಮುಟ್ಟು ನಿಲ್ಲುವ ಸಮಯ: ಯಾವ ಮರದಣಬೆ ಯಾರಿಗೆ?

"ರೀಶಿ ತಗೊಳ್ಳಲಾ, ಮೈಟಾಕೆ ತಗೊಳ್ಳಲಾ?" ಎರಡೂ ಮರದ ಮೇಲೆ ಬೆಳೆಯುವ ಅಣಬೆಗಳು. ಈ ಪ್ರಶ್ನೆ ಈಚೆಗೆ ತುಂಬ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಪಿಸಿಓಡಿ (ಹಾರ್ಮೋನ್ ಏರುಪೇರಾಗಿ ಅಂಡ ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ ಹುಡುಗಿಯರು. ಕೆಲವರು ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರಬಲ್ಲ ವೈರಸ್) ಪರೀಕ್ಷೆ ಪಾಸಿಟಿವ್ ಬಂತೆಂದು ನಿದ್ದೆಗೆಟ್ಟವರು. ಇನ್ನು ಕೆಲವರು ಮುಟ್ಟು ನಿಲ್ಲುವ ವಯಸ್ಸಿನ ಸಿಟ್ಟು, ಬೇಸರ, ನಿದ್ದೆಗೇಡಿನಿಂದ ಸುಸ್ತಾದವರು. ಎಲ್ಲರಿಗೂ ಯಾರೋ ಒಬ್ಬರು ಒಂದು ಡಬ್ಬಿಯ ಫೋಟೋ ಕಳಿಸಿರುತ್ತಾರೆ. ಅದರ ಮೇಲೆ "ಹೆಂಗಸರ ಎಲ್ಲ ತೊಂದರೆಗೂ" ಅಂತ ಬರೆದಿರುತ್ತದೆ.

ಎಲ್ಲ ತೊಂದರೆಗೂ ಆಗುವ ಅಣಬೆ ಇಲ್ಲ. ಆದರೆ ಒಂದೊಂದು ತೊಂದರೆಗೆ ಒಂದೊಂದು ಅಣಬೆಯನ್ನು ಹೆಂಗಸರ ಮೇಲೇ ಪರೀಕ್ಷಿಸಿ ನೋಡಿದ್ದಾರೆ. ಅದಕ್ಕೇ ಅಣಬೆಯ ಹೆಸರಿನಿಂದ ಶುರುಮಾಡಬೇಡಿ, ನಿಮ್ಮ ತೊಂದರೆಯಿಂದ ಶುರುಮಾಡಿ. ಈ ಬರಹವನ್ನೂ ಹಾಗೇ ಜೋಡಿಸಿದ್ದೇನೆ.

ಮೊದಲು, ನಾವು ಮಾತಾಡುತ್ತಿರುವುದು ಯಾವ ಅಣಬೆಗಳ ಬಗ್ಗೆ? ಮರ ಕೊಳೆಸಿ ಬದುಕುವವು. ಅಡಿಕೆ, ತೆಂಗು ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮರದ ಬುಡದಲ್ಲಿ ಕಂದು ಬಣ್ಣದ, ಅಂಚು ಬಿಳಿಯಾದ ಗಟ್ಟಿ ಚಿಪ್ಪು ಏಳುತ್ತದಲ್ಲ, ನಾವು ಅಣಬೆ ರೋಗ ಅನ್ನುತ್ತೇವಲ್ಲ, ಅದು ಗ್ಯಾನೋಡರ್ಮಾ. ಅಂಗಡಿಯಲ್ಲಿ ರೀಶಿ ಹೆಸರಲ್ಲಿ ಸಿಗುವುದೂ ಅದೇ ಕುಲದ್ದು. ಮೈಟಾಕೆ, ಶಿಟಾಕೆ, ಟರ್ಕಿ ಟೇಲ್, ಲಯನ್ಸ್ ಮೇನ್, ಚಾಗಾ, ನಮ್ಮ ಸಂತೆಯಲ್ಲಿ ಸಿಗುವ ಚಿಪ್ಪು ಅಣಬೆ, ಎಲ್ಲವೂ ಮರ ತಿನ್ನುವ ಜಾತಿಯವೇ. ಬಟನ್ ಅಣಬೆ ಮಾತ್ರ ಈ ಗುಂಪಿನದಲ್ಲ, ಅದು ಗೊಬ್ಬರದಲ್ಲಿ ಬೆಳೆಯುತ್ತದೆ.

ಯಾವುದರಿಂದ ಅಳೆಯಬೇಕು

ನಾನು ಐದು ವಿಷಯ ನೋಡುತ್ತೇನೆ.

ಒಂದು, ಇದೇ ತೊಂದರೆ ಇರುವ ಹೆಂಗಸರಲ್ಲಿ ಪ್ರಯೋಗ ಆಗಿದೆಯಾ? ಇಲಿಯಲ್ಲಿ, ಗಾಜಿನ ತಟ್ಟೆಯಲ್ಲಿ ಆಗಿದ್ದು ಲೆಕ್ಕಕ್ಕಿಲ್ಲ ಅಂತಲ್ಲ, ಆದರೆ ದುಡ್ಡು ಹಾಕುವುದಕ್ಕೆ ಅಷ್ಟು ಸಾಲದು. ಎರಡು, ಪ್ರಯೋಗದಲ್ಲಿ ಕೊಟ್ಟ ಪದಾರ್ಥ ಮತ್ತು ಅಂಗಡಿಯಲ್ಲಿ ಸಿಗುವ ಪದಾರ್ಥ ಒಂದೇನಾ? ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಅಣಬೆಯ ಒಣ ಪುಡಿ, ಬಿಸಿನೀರಿನ ಸಾರ, ತೊಟ್ಟಿಯಲ್ಲಿ ಬೆಳೆಸಿದ ಬೇರಿನಂಥ ಎಳೆಗಳು, ಮೂರೂ ಬೇರೆ ಬೇರೆ ವಸ್ತುಗಳು. ಮೂರು, ಬೇರೆ ಮಾತ್ರೆಗಳ ಜೊತೆ, ಲಿವರ್, ಕಿಡ್ನಿ, ಬಸಿರಿನ ವಿಷಯದಲ್ಲಿ ಅಪಾಯ ಎಷ್ಟು? ನಾಲ್ಕು, ಪೂರ್ತಿ ಕೋರ್ಸಿಗೆ ಎಷ್ಟು ಖರ್ಚು? ಒಂದು ಡಬ್ಬಿಯ ಬೆಲೆ ನೋಡಿದರೆ ಸಾಲದು.

ಐದನೆಯದನ್ನು ಯಾರೂ ಕೇಳುವುದಿಲ್ಲ, ನನಗೆ ಅದೇ ಮುಖ್ಯ. ಈ ಅಣಬೆ ತಿನ್ನುತ್ತ ಕಾಯುವ ತಿಂಗಳುಗಳಲ್ಲಿ ನೀವು ಏನು ಕಳೆದುಕೊಳ್ಳುತ್ತೀರಿ? ಎಚ್‌ಪಿವಿ ಇದ್ದು ಗರ್ಭಕಂಠದಲ್ಲಿ ಇನ್ನೂ ಏನೂ ಬದಲಾವಣೆ ಇಲ್ಲದವರಿಗೆ ಕಾಯುವುದು ಮಾಮೂಲಿ ಚಿಕಿತ್ಸೆಯೇ. 37 ವರ್ಷದಲ್ಲಿ ಮಗುವಿಗಾಗಿ ಪ್ರಯತ್ನಿಸುತ್ತಿರುವವರಿಗೆ ಆರು ತಿಂಗಳು ತುಂಬ ದುಬಾರಿ.

ಪಿಸಿಓಡಿಗೆ: ಮೈಟಾಕೆಯಾ, ರೀಶಿಯಾ?

ಇಲ್ಲಿ ಮೈಟಾಕೆ ಮುಂದಿದೆ, ಅನುಮಾನವಿಲ್ಲ. 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜಪಾನಿನ ಮೂರು ಕ್ಲಿನಿಕ್ಕುಗಳಲ್ಲಿ ಪಿಸಿಓಡಿ ಇರುವ ಹೆಂಗಸರಿಗೆ ಮೈಟಾಕೆಯ ಎಸ್‌ಎಕ್ಸ್-ಫ್ರ್ಯಾಕ್ಷನ್ ಎಂಬ ಸಾರವನ್ನು 12 ವಾರದವರೆಗೆ ಕೊಟ್ಟು ನೋಡಿದರು. ಇನ್ನೊಂದು ಗುಂಪಿಗೆ ಅಂಡ ಬಿಡುಗಡೆಗೆಂದೇ ಕೊಡುವ ಕ್ಲೋಮಿಫೀನ್ ಮಾತ್ರೆ ಕೊಟ್ಟರು. ಮೈಟಾಕೆ ಗುಂಪಿನಲ್ಲಿ ಸುಮಾರು 77% ಹೆಂಗಸರಿಗೆ ಅಂಡ ಬಿಡುಗಡೆ ಆಯಿತು, ಕ್ಲೋಮಿಫೀನ್ ಗುಂಪಿನಲ್ಲಿ ಸುಮಾರು 93%. ಒಂದೇ ಔಷಧದಿಂದ ಆಗದ ಕೆಲವರಿಗೆ ಎರಡನ್ನೂ ಸೇರಿಸಿ ಕೊಟ್ಟಾಗ ಅವರಲ್ಲೂ ಹೆಚ್ಚಿನವರಿಗೆ ಅಂಡ ಬಿಡುಗಡೆ ಆಯಿತು.

ಓದಿದರೆ ಖುಷಿಯಾಗುತ್ತದೆ, ಅಲ್ವಾ? ಆದರೆ ಪೂರ್ತಿ ಓದಬೇಕು. ಗುಂಪುಗಳು ಚಿಕ್ಕವು, ಒಂದೊಂದರಲ್ಲಿ 30ರ ಆಸುಪಾಸು ಹೆಂಗಸರು. ಸುಳ್ಳು ಮಾತ್ರೆಯ (ನೋಡಲು ಹಾಗೇ ಇದ್ದು ಔಷಧ ಇಲ್ಲದ್ದು) ಗುಂಪು ಇರಲಿಲ್ಲ. ಪಿಸಿಓಡಿಯಲ್ಲಿ ಅಂಡ ತಾನಾಗಿಯೂ ಆಗಾಗ ಬಿಡುಗಡೆ ಆಗುತ್ತದೆ, ಹಾಗಾಗಿ ಆ 77ರಲ್ಲಿ ಅಣಬೆಯ ಪಾಲು ಎಷ್ಟು ಅಂತ ಬಿಡಿಸಿ ಹೇಳಲು ಬರುವುದಿಲ್ಲ. ಸೈಕಲ್ (ಒಂದೊಂದು ಮುಟ್ಟಿನ ಚಕ್ರ) ಲೆಕ್ಕದಲ್ಲಿ ನೋಡಿದರೆ ಅಂತರ ಇನ್ನೂ ದೊಡ್ಡದು: ಮೈಟಾಕೆಯಲ್ಲಿ ನೂರಕ್ಕೆ 42ರಷ್ಟು ಸೈಕಲ್, ಕ್ಲೋಮಿಫೀನ್‌ನಲ್ಲಿ 70ರಷ್ಟು.

ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಒಂದು ಒಪ್ಪುವಂಥ ವಿವರಣೆ ಇದೆ. ಪಿಸಿಓಡಿ ಇರುವ ಬಹಳ ಜನರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ರಕ್ತದಲ್ಲಿ ಇನ್ಸುಲಿನ್ ಜಾಸ್ತಿಯಾದಾಗ ಅಂಡಾಶಯ ಗಂಡು ಹಾರ್ಮೋನನ್ನು ಹೆಚ್ಚು ಮಾಡುತ್ತದೆ, ಅಂಡ ಬಲಿಯುವುದು ನಿಲ್ಲುತ್ತದೆ. ಮೈಟಾಕೆಯ ಸಾರ ಇನ್ಸುಲಿನ್ ಕೆಲಸವನ್ನು ಸುಧಾರಿಸುತ್ತದೆ ಎಂಬುದು ಲೆಕ್ಕಾಚಾರ. ಮೆಟ್‌ಫಾರ್ಮಿನ್ ಕೊಡುವುದೂ, ದಿನಾ ಬಿರುಸಾಗಿ ನಡೆಯಿರಿ ಎಂದು ಡಾಕ್ಟರ್ ಹೇಳುವುದೂ ಇದೇ ಕಾರಣಕ್ಕೆ. ಆದ್ದರಿಂದ ಮೆಟ್‌ಫಾರ್ಮಿನ್ ಅಥವಾ ಬೇರೆ ಸಕ್ಕರೆ ಮಾತ್ರೆ ತಗೊಳ್ಳುವವರು ಮೈಟಾಕೆ ಸೇರಿಸಿದರೆ ಸಕ್ಕರೆ ಜಾಸ್ತಿ ಇಳಿಯಬಹುದು. ಡಾಕ್ಟರಿಗೆ ಹೇಳಲೇಬೇಕು.

ರೀಶಿಯ ಕಥೆ ಬೇರೆ. 2005ರಲ್ಲಿ ಜಪಾನಿನ ಸಂಶೋಧಕರು 19 ಬಗೆಯ ಅಣಬೆಗಳನ್ನು ಪರೀಕ್ಷಿಸಿದರು. ಟೆಸ್ಟೋಸ್ಟಿರಾನನ್ನು ಅದರ ಬಲವಾದ ರೂಪಕ್ಕೆ ಬದಲಿಸುವ ಕಿಣ್ವವೊಂದಿದೆ. ಅದನ್ನು ಎಲ್ಲಕ್ಕಿಂತ ಹೆಚ್ಚು ತಡೆದದ್ದು ಗ್ಯಾನೋಡರ್ಮಾ. ಮುಖದ ಕೂದಲು, ಮೊಡವೆಗೆ ರೀಶಿ ಒಳ್ಳೆಯದು ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಅದು ಲ್ಯಾಬಿನಲ್ಲಿ, ಗಂಡು ಇಲಿಗಳ ಪ್ರಾಸ್ಟೇಟ್ ಮೇಲೆ ನಡೆದ ಕೆಲಸ. ಪಿಸಿಓಡಿ ಇರುವ ಹೆಂಗಸರಲ್ಲಿ ನಡೆದದ್ದಲ್ಲ. ಅದರ ಮೇಲೆ, ರೀಶಿ ಪುಡಿ ತಿಂದು ಲಿವರ್ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ರಕ್ತ ಹೆಪ್ಪುಗಟ್ಟುವುದನ್ನೂ ಅದು ನಿಧಾನ ಮಾಡಬಹುದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರು, ಆಸ್ಪಿರಿನ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ರೀಶಿಯಿಂದ ದೂರ ಇರಿ. ಪಿಸಿಓಡಿಗೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಮಗು ಬೇಕು ಅನ್ನುವವರಿಗೆ ಒಂದು ಮಾತು. ಈಗ ಅಂಡ ಬಿಡುಗಡೆಗೆ ಮೊದಲು ಕೊಡುವುದು ಲೆಟ್ರೋಜೋಲ್. ಅಮೆರಿಕದಲ್ಲಿ 750 ಹೆಂಗಸರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೆಟ್ರೋಜೋಲ್ ತಗೊಂಡವರಲ್ಲಿ 27.5% ಹೆಂಗಸರಿಗೆ ಮಗು ಹುಟ್ಟಿತು, ಕ್ಲೋಮಿಫೀನ್ ತಗೊಂಡವರಲ್ಲಿ 19.1%. ಗಮನಿಸಿ, ಇಲ್ಲಿ ಎಣಿಸಿದ್ದು ಹುಟ್ಟಿದ ಮಕ್ಕಳನ್ನು. ಮೈಟಾಕೆಯಲ್ಲಿ ಅಳೆದದ್ದು ಅಂಡ ಬಿಡುಗಡೆಯನ್ನು. ನಮ್ಮ ದೇಶದಲ್ಲಿ 2011ರಲ್ಲಿ ಬಂಜೆತನಕ್ಕೆ ಲೆಟ್ರೋಜೋಲ್ ಬಳಸುವುದನ್ನು ನಿಷೇಧಿಸಿದ್ದರು, 2017ರಲ್ಲಿ ಆ ನಿಷೇಧ ತೆಗೆದರು. "ಅದು ಬ್ಯಾನ್ ಆದ ಮಾತ್ರೆ ಅಲ್ವಾ" ಎಂದು ಹೆದರುವವರು ಇನ್ನೂ ಇದ್ದಾರೆ, ಅದಕ್ಕೆ ಹೇಳಿದೆ. ಅಣಬೆಯ ಡಬ್ಬಿಗಿಂತ ಅದು ಎಷ್ಟೋ ಅಗ್ಗ.

ಹಾಗಾದರೆ ಮೈಟಾಕೆ ಯಾರಿಗೆ? ವಯಸ್ಸು 30ರೊಳಗೆ, ಮಗುವಿಗೆ ಸದ್ಯಕ್ಕೆ ಅವಸರವಿಲ್ಲ, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ ಆಗಿದೆ, ಊಟ ವ್ಯಾಯಾಮ ಒಂದು ಹಿಡಿತಕ್ಕೆ ಬಂದಿದೆ, ಕೈಯಲ್ಲಿ ಸ್ವಲ್ಪ ದುಡ್ಡಿದೆ. ಅಂಥವರು ಡಾಕ್ಟರಿಗೆ ತಿಳಿಸಿ ಮೂರು ತಿಂಗಳು ನೋಡಬಹುದು. ಪ್ರಯೋಗ ನಡೆದದ್ದೂ ಅಷ್ಟೇ ದಿನ. ಅಷ್ಟರಲ್ಲಿ ಮುಟ್ಟಿನ ಲೆಕ್ಕ ಬದಲಾಗದಿದ್ದರೆ ನಿಲ್ಲಿಸಿ.

ಎಚ್‌ಪಿವಿಗೆ: ಎಎಚ್‌ಸಿಸಿಯಾ, ಟರ್ಕಿ ಟೇಲ್ ಜೆಲ್ಲಾ, ಸುಮ್ನೆ ಕಾಯುವುದಾ?

ಮರದಣಬೆಗಳಲ್ಲಿ ಅತಿ ಗಟ್ಟಿ ಪುರಾವೆ ಇರುವುದು ಇಲ್ಲಿ. ಎಎಚ್‌ಸಿಸಿ ಎನ್ನುವುದು ಶಿಟಾಕೆಯ ಎಳೆಗಳನ್ನು ತೊಟ್ಟಿಯಲ್ಲಿ ಬೆಳೆಸಿ ತಯಾರಿಸುವ ಸಾರ. ಜಪಾನಿನ ಸಪ್ಪೊರೊದ ಒಂದು ಕಂಪನಿಯದು. ಹ್ಯೂಸ್ಟನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜುಡಿತ್ ಸ್ಮಿತ್ ಮತ್ತು ಅವರ ತಂಡ ನಡೆಸಿದ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಎಚ್‌ಪಿವಿ ಹೋಗದೆ ಉಳಿದ 50 ಹೆಂಗಸರನ್ನು ಸೇರಿಸಿಕೊಂಡರು. ಅರ್ಧ ಜನರಿಗೆ ದಿನಕ್ಕೆ 3 ಗ್ರಾಂ ಎಎಚ್‌ಸಿಸಿ, ಖಾಲಿ ಹೊಟ್ಟೆಯಲ್ಲಿ, ಆರು ತಿಂಗಳು. ಉಳಿದವರಿಗೆ ಸುಳ್ಳು ಮಾತ್ರೆ. ಕೊನೆವರೆಗೆ ಉಳಿದವರಲ್ಲಿ ಎಎಚ್‌ಸಿಸಿ ತಗೊಂಡ 22 ಜನರಲ್ಲಿ 14 ಮಂದಿಗೆ ವೈರಸ್ ಹೋಯಿತು. ಸುಳ್ಳು ಮಾತ್ರೆಯ 19 ಜನರಲ್ಲಿ ಇಬ್ಬರಿಗೆ.

ಇದು ಸಣ್ಣ ವಿಷಯ ಅಲ್ಲ. ಆದರೆ ಸೇರಿದ್ದು 50 ಜನ ಮಾತ್ರ, ಕೆಲವರು ನಡುವೆ ಬಿಟ್ಟರು, ತಯಾರಿಸುವ ಕಂಪನಿಯ ನೆರವೂ ಇತ್ತು. ದೊಡ್ಡ ಪ್ರಯೋಗ ಇದನ್ನೇ ತೋರಿಸಿದರೆ ನಾನು ಇನ್ನೂ ಧೈರ್ಯವಾಗಿ ಬರೆಯುತ್ತೇನೆ.

ಖರ್ಚಿನ ಲೆಕ್ಕ ಹೀಗೆ. 500 ಮಿಲಿಗ್ರಾಂ ಕ್ಯಾಪ್ಸೂಲ್ ಆದರೆ ದಿನಕ್ಕೆ ಆರು ಬೇಕು. 60 ಕ್ಯಾಪ್ಸೂಲಿನ ಡಬ್ಬಿ ಹತ್ತು ದಿನಕ್ಕೆ ಮುಗಿಯುತ್ತದೆ. ಆರು ತಿಂಗಳಿಗೆ 18 ಡಬ್ಬಿ. ಹೊರದೇಶದಿಂದ ಬರುವ ಮಾಲು, ಒಂದು ಡಬ್ಬಿಯ ಬೆಲೆಯನ್ನು 18ರಿಂದ ಗುಣಿಸಿ ನೋಡಿ, ಆಮೇಲೆ ಯೋಚಿಸಿ. ದಿನಕ್ಕೆ ಎರಡೇ ಕ್ಯಾಪ್ಸೂಲ್ ತಗೊಂಡು ಉಳಿಸೋಣ ಅನ್ನುವವರಿಗೆ ಈ ಪ್ರಯೋಗದ ಅಂಕಿ ಅನ್ವಯಿಸುವುದಿಲ್ಲ. ಶಿಟಾಕೆ ಪಲ್ಯ ತಿಂದರೂ ಅದೇ ಫಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಎಎಚ್‌ಸಿಸಿ ಮಾಡುವುದು ತಿನ್ನುವ ಭಾಗದಿಂದ ಅಲ್ಲ. ಸ್ತನ ಕ್ಯಾನ್ಸರ್‌ಗೆ ಹಾರ್ಮೋನ್ ಮಾತ್ರೆ ತಗೊಳ್ಳುತ್ತಿರುವವರು ಆಂಕಾಲಜಿಸ್ಟನ್ನು ಕೇಳದೆ ಎಎಚ್‌ಸಿಸಿ ಮುಟ್ಟಬಾರದು. ಕೆಲವು ಔಷಧಗಳನ್ನು ಲಿವರ್ ಅರಗಿಸುವ ರೀತಿಯನ್ನು ಅದು ಬದಲಿಸಬಹುದು.

ಇನ್ನು ಟರ್ಕಿ ಟೇಲ್. ಒಣಗಿದ ಕೊಂಬೆಯ ಮೇಲೆ ಪಟ್ಟೆಪಟ್ಟೆಯಾಗಿ, ಬೀಸಣಿಗೆಯ ಹಾಗೆ ಹರಡಿ ಬೆಳೆಯುವ ತೆಳು ಅಣಬೆ. ಜಪಾನಿನಲ್ಲಿ ಇದರಿಂದ ತೆಗೆದ ಪಿಎಸ್‌ಕೆ ಎಂಬ ವಸ್ತುವಿಗೆ 1977ರಲ್ಲೇ ಕ್ಯಾನ್ಸರ್ ಚಿಕಿತ್ಸೆಯ ಜೊತೆ ಕೊಡಲು ಅನುಮತಿ ಸಿಕ್ಕಿತ್ತು. ಹೆಂಗಸರ ವಿಷಯಕ್ಕೆ ಬಂದರೆ, ಸ್ಪೇನಿನಲ್ಲಿ ಈ ಅಣಬೆ ಸೇರಿಸಿದ ಯೋನಿಯೊಳಗೆ ಹಚ್ಚುವ ಜೆಲ್ ಒಂದನ್ನು ಪರೀಕ್ಷಿಸಿದರು. ಗರ್ಭಕಂಠದಲ್ಲಿ ಸಣ್ಣ ಮಟ್ಟದ ಬದಲಾವಣೆ ಇದ್ದ ಸುಮಾರು 100 ಹೆಂಗಸರು. ಆರು ತಿಂಗಳಲ್ಲಿ ಜೆಲ್ ಹಚ್ಚಿದವರಲ್ಲಿ ಸುಮಾರು 85% ಮಂದಿಗೆ ಗರ್ಭಕಂಠ ಸರಿಹೋಯಿತು. ಏನೂ ಹಚ್ಚದೆ ಕಾದವರಲ್ಲಿ ಸುಮಾರು 65% ಮಂದಿಗೆ.

ಆ ಎರಡನೇ ಅಂಕಿಯನ್ನು ಇನ್ನೊಮ್ಮೆ ಓದಿ. ಏನೂ ಮಾಡದೆ ಮೂರರಲ್ಲಿ ಸುಮಾರು ಎರಡು ಪಾಲು ಜನರಿಗೆ ಸರಿಹೋಯಿತು. ಎಚ್‌ಪಿವಿ ಬಹುಪಾಲು ಹೆಂಗಸರಲ್ಲಿ ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಅದಕ್ಕೇ ಈಗಷ್ಟೇ ಪಾಸಿಟಿವ್ ಬಂದವರು 18 ಡಬ್ಬಿ ತರಿಸುವುದರಲ್ಲಿ ಅರ್ಥವಿಲ್ಲ. ಡಾಕ್ಟರ್ ಹೇಳಿದ ದಿನಕ್ಕೆ ಮರುಪರೀಕ್ಷೆಗೆ ಹೋಗಿ, ಸಿಗರೇಟು ಇದ್ದರೆ ಬಿಡಿ. ಎರಡು ವರ್ಷ ಕಳೆದೂ ಹೋಗದೆ ಕೂತಿದ್ದರೆ ಆಗ ಎಎಚ್‌ಸಿಸಿ ಯೋಚಿಸುವ ವಿಷಯ. ಸಿಐಎನ್-2, ಸಿಐಎನ್-3 (ಕ್ಯಾನ್ಸರಿಗೆ ಮುಂಚಿನ ಹಂತದ ಬದಲಾವಣೆ) ಅಂತ ಬಯಾಪ್ಸಿಯಲ್ಲಿ ಬಂದಿದ್ದರೆ ಯಾವ ಅಣಬೆಯೂ ಬೇಡ, ಹೇಳಿದ ಚಿಕಿತ್ಸೆ ಮಾಡಿಸಿಕೊಳ್ಳಿ.

ಆ ಜೆಲ್‌ನಲ್ಲಿ ಅಣಬೆಯೊಂದೇ ಇರಲಿಲ್ಲ. ನಮ್ಮ ಒಂದೆಲಗ, ಬೇವು, ಲೋಳೆಸರವೂ ಇತ್ತು. ಯಾವುದರಿಂದ ಎಷ್ಟು ಉಪಯೋಗ ಆಯಿತು ಅಂತ ಬೇರ್ಪಡಿಸಲು ಆಗುವುದಿಲ್ಲ. ಇದನ್ನು ಓದಿ ದಯವಿಟ್ಟು ಮನೆಯಲ್ಲಿ ಬೇವು ಅರೆದು, ಅಣಬೆ ಪುಡಿ ಕಲಸಿ ಒಳಗೆ ಹಚ್ಚಬೇಡಿ. ಸೋಂಕು ತಗಲಬಹುದು.

ಮನೆಯಲ್ಲಿ 9ರಿಂದ 26 ವರ್ಷದ ಹೆಣ್ಣುಮಕ್ಕಳಿದ್ದರೆ ಆ ದುಡ್ಡನ್ನು ಎಚ್‌ಪಿವಿ ಲಸಿಕೆಗೆ ಹಾಕಿ. 2023ರಿಂದ ನಮ್ಮ ದೇಶದ್ದೇ ಸರ್ವಾವ್ಯಾಕ್ ಸಿಗುತ್ತಿದೆ. ಈ ಬರಹದಲ್ಲಿರುವ ಯಾವ ಅಣಬೆಯೂ ಅದರ ಹತ್ತಿರ ಬರುವುದಿಲ್ಲ.

ಮುಟ್ಟು ನಿಲ್ಲುವ ಸಮಯದ ಬೇಸರಕ್ಕೆ: ಲಯನ್ಸ್ ಮೇನ್

2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜಪಾನಿನಲ್ಲಿ 30 ಹೆಂಗಸರಿಗೆ ನಾಲ್ಕು ವಾರ ಬಿಸ್ಕತ್ತು ಕೊಟ್ಟರು. ಒಂದು ಗುಂಪಿನ ಬಿಸ್ಕತ್ತಿನಲ್ಲಿ ಲಯನ್ಸ್ ಮೇನ್ ಪುಡಿ ಇತ್ತು, ಒಂದರಲ್ಲಿ ಅರ್ಧ ಗ್ರಾಂ, ದಿನಕ್ಕೆ ನಾಲ್ಕು ಬಿಸ್ಕತ್ತು. ಇನ್ನೊಂದು ಗುಂಪಿನದು ಸಾದಾ. ಪುಡಿ ತಿಂದವರಲ್ಲಿ ಬೇಸರ, ಕಿರಿಕಿರಿ ಸ್ವಲ್ಪ ಇಳಿಯಿತು. ಮೈ ಬಿಸಿಯೇರುವುದಕ್ಕೆ ಇದು ಔಷಧ ಅಂತ ತಿಳಿಯಬೇಡಿ. ಪ್ರಯೋಗ ತೀರಾ ಚಿಕ್ಕದು. ಆದರೆ ದಿನಕ್ಕೆ ಬೇಕಾದ್ದು 2 ಗ್ರಾಂ ಪುಡಿ, ಸಾರ ಅಲ್ಲ. ಇದು ತಿನ್ನುವ ಅಣಬೆಯೇ. ಹಾಗಾಗಿ ಖರ್ಚೂ ಕಡಿಮೆ, ಅಪಾಯವೂ ಕಡಿಮೆ. ಒಂದು ತಿಂಗಳು ತಿಂದು ನೋಡುವುದಕ್ಕೆ ನನ್ನ ಅಡ್ಡಿ ಇಲ್ಲ. ಅಣಬೆ ಅಲರ್ಜಿ, ಆಸ್ತಮಾ ಇರುವವರು ಮಾತ್ರ ಬೇಡ.

ಮುಟ್ಟು ನಿಂತು ಒಂದು ವರ್ಷ ಆದಮೇಲೆ ಒಂದು ಹನಿ ರಕ್ತ ಕಂಡರೂ ಮೊದಲು ಗೈನಕಾಲಜಿಸ್ಟ್ ಹತ್ತಿರ ಹೋಗಿ. ಸಂಭೋಗದ ನಂತರ ರಕ್ತ ಬಂದರೂ ಹಾಗೇ.

ಫೈಬ್ರಾಯ್ಡ್‌ಗೆ

ಫೈಬ್ರಾಯ್ಡ್ ಅಂದರೆ ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಇಲ್ಲಿ ಕೇಳಿಬರುವ ಹೆಸರು ಪೋರಿಯಾ ಎಂಬ ಅಣಬೆ. ಪೈನ್ ಮರದ ಬೇರಿನಲ್ಲಿ ಗೆಡ್ಡೆಯಂತೆ ಬೆಳೆಯುತ್ತದೆ. ಚೀನಾದ ಹಳೆಯ ವೈದ್ಯದಲ್ಲಿ ದಾಲ್ಚಿನ್ನಿ ಕಡ್ಡಿ, ಪೀಚ್ ಬೀಜ, ಪಿಯೋನಿ ಜಾತಿಯ ಎರಡು ಬೇರುಗಳ ಜೊತೆ ಇದನ್ನು ಸೇರಿಸಿ ಮಾಡುವ ಗುಳಿಗೆ ಇದೆ. ಜಪಾನಿನಲ್ಲಿ ಅದರ ಹೆಸರು ಕೇಶಿಬುಕುರ್ಯೋಗನ್, ಇವತ್ತಿಗೂ ಅಲ್ಲಿನ ಡಾಕ್ಟರರು ಬರೆದುಕೊಡುತ್ತಾರೆ. ಚೀನಾದ ಪ್ರಯೋಗಗಳಲ್ಲಿ ಫೈಬ್ರಾಯ್ಡ್ ಸಣ್ಣದಾಯಿತು ಅಂತ ಇದೆ, ಆದರೆ ಜೊತೆಗೆ ಫೈಬ್ರಾಯ್ಡ್ ಕುಗ್ಗಿಸುವ ಮಿಫೆಪ್ರಿಸ್ಟೋನ್ ಮಾತ್ರೆಯನ್ನೂ ಕೊಟ್ಟಿದ್ದರು, ಪ್ರಯೋಗಗಳ ಗುಣಮಟ್ಟವೂ ಕಡಿಮೆ. ಮೈ ಬಿಸಿಯೇರುವುದಕ್ಕೆ ಇದೇ ಗುಳಿಗೆಯನ್ನು ಅಮೆರಿಕದಲ್ಲಿ 178 ಹೆಂಗಸರಿಗೆ ಕೊಟ್ಟು ನೋಡಿದಾಗ ಸುಳ್ಳು ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ, ಭೇದಿ ಮಾತ್ರ ಆಯಿತು. ಆನ್‌ಲೈನ್‌ನಲ್ಲಿ ಬರೀ ಪೋರಿಯಾ ಪುಡಿ ತರಿಸುವುದು ದಂಡ.

ಚಾಗಾ ಬೇಡ

ಸೈಬೀರಿಯಾದ ಖಾಂಟಿ ಜನರಲ್ಲಿ ಹೆಂಗಸರು ಮುಟ್ಟಿನ ಸಮಯದಲ್ಲಿ ಸುಟ್ಟ ಚಾಗಾದ ನೀರಿನಿಂದ ತೊಳೆದುಕೊಳ್ಳುವ ಪದ್ಧತಿ ಇತ್ತು. ಅಲ್ಲಿಂದ ಇದು "ಹೆಂಗಸರ ಟೀ" ಆಗಿಬಿಟ್ಟಿದೆ. ಆದರೆ ಚಾಗಾದಲ್ಲಿ ಕಿಡ್ನಿಯಲ್ಲಿ ಹರಳಾಗಬಲ್ಲ ಆಕ್ಸಲೇಟ್ ತುಂಬ ಇದೆ. ಜಪಾನಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ತಿಂಗಳುಗಟ್ಟಲೆ ದಿನಕ್ಕೆ ನಾಲ್ಕೈದು ಚಮಚ ಪುಡಿ ತಿಂದು ಕಿಡ್ನಿ ಹೋಗಿ ಡಯಾಲಿಸಿಸ್‌ಗೆ ಬಂದ ಪ್ರಕರಣ ದಾಖಲಾಗಿದೆ. ಉಪಯೋಗದ ಪುರಾವೆ ಇಲ್ಲ, ಅಪಾಯದ್ದು ಇದೆ.

ಕೊಳ್ಳುವುದೇ ಆದರೆ

ಡಬ್ಬಿ ತಿರುಗಿಸಿ ಓದಿ. "ಪಾಲಿಸ್ಯಾಕರೈಡ್ 40%" ಅಂತ ದೊಡ್ಡದಾಗಿ ಬರೆದಿದ್ದರೆ ಅದಕ್ಕೆ ಮರುಳಾಗಬೇಡಿ. ಅಕ್ಕಿಯ ಪಿಷ್ಟವೂ ಪಾಲಿಸ್ಯಾಕರೈಡೇ. ಬೇಕಾದ್ದು ಅಣಬೆಯದೇ ನಾರಾದ ಬೀಟಾ-ಗ್ಲೂಕನ್ ಎಷ್ಟು ಎನ್ನುವ ಅಂಕಿ. ಎಎಚ್‌ಸಿಸಿ ಮಾತ್ರ ಇದಕ್ಕೆ ಹೊರತು, ಅದರಲ್ಲಿ ಇರುವುದು ಬೇರೆ ಬಗೆಯ ಗ್ಲೂಕನ್. "ಮೈಸೀಲಿಯಂ" (ಅಣಬೆಯ ಬೇರಿನಂಥ ಎಳೆಗಳು) ಎಂದು ಬರೆದು ಕೆಳಗೆ ಅಕ್ಕಿ, ಓಟ್ಸ್ ಎಂದಿದ್ದರೆ, ಧಾನ್ಯದ ಮೇಲೆ ಅಣಬೆ ಬೆಳೆಸಿ ಧಾನ್ಯದ ಸಮೇತ ಪುಡಿ ಮಾಡಿದ್ದಾರೆ ಎಂದರ್ಥ.

ಮನೆಯಲ್ಲೇ ನೋಡಬಹುದು. ಅರ್ಧ ಚಮಚ ಪುಡಿಯನ್ನು ನೀರಲ್ಲಿ ಕುದಿಸಿ, ಪೂರ್ತಿ ಆರಿಸಿ, ಎರಡು ಹನಿ ಟಿಂಚರ್ ಅಯೋಡಿನ್ ಹಾಕಿ. ಕಡುನೀಲಿಗೆ ತಿರುಗಿದರೆ ಅದರಲ್ಲಿ ಪಿಷ್ಟ ಇದೆ. ಅಣಬೆಯ ಬೆಲೆಗೆ ನೀವು ಅಕ್ಕಿ ಕೊಂಡಿದ್ದೀರಿ. ಪರೀಕ್ಷೆ ಮಾಡಿದ ನೀರು ಚೆಲ್ಲಿ.

14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇರಬೇಕು. ಅಣಬೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಆ ಬ್ಯಾಚಿನ ಲ್ಯಾಬ್ ರಿಪೋರ್ಟ್ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ. ಒಬ್ಬರಿಂದ ಒಬ್ಬರಿಗೆ ಸದಸ್ಯತ್ವ ಮಾಡಿಸಿ ಮಾರುವ ರೀಶಿ ಕಾಫಿಯಲ್ಲಿ ಅಣಬೆ ಎಷ್ಟು ಮಿಲಿಗ್ರಾಂ ಅಂತ ಕೇಳಿ ನೋಡಿ, ಉತ್ತರ ಸಿಗದಿದ್ದರೆ ಆ ಕಾಫಿ ಬಿಡಿ.

ತೋಟದಲ್ಲೇ ಇದೆಯಲ್ಲ, ಯಾಕೆ ಕೊಳ್ಳಬೇಕು ಅನ್ನುವವರೂ ಇದ್ದಾರೆ. ಅಡಿಕೆ ಬುಡದ ಗ್ಯಾನೋಡರ್ಮಾ ಕಿತ್ತು ಕಷಾಯ ಮಾಡಬೇಡಿ. ಅಣಬೆ ರೋಗಕ್ಕೆ ಅದೇ ಬುಡಕ್ಕೆ ಹೆಕ್ಸಾಕೊನಾಜೋಲ್‌ನಂಥ ಶಿಲೀಂಧ್ರನಾಶಕ ಹಾಕಿರುತ್ತಾರೆ. ಗ್ಯಾನೋಡರ್ಮಾದಲ್ಲಿ ಜಾತಿಗಳೂ ಬಹಳ, ಕಣ್ಣಿಗೆ ಒಂದೇ ಥರ ಕಾಣುತ್ತವೆ. ಕೊಂಕಣದ ಕಡೆ ಹಲಸಿನ ಮರದ ಗಟ್ಟಿ ಅಣಬೆಯನ್ನು ತೇಯ್ದು ಬಾಯಿಹುಣ್ಣಿಗೆ ಹಚ್ಚುವುದಿದೆ. ಅದು ಆ ಬಳಕೆಗೆ ಸರಿ. ಮುಟ್ಟಿನ ತೊಂದರೆಗೆ ಅಲ್ಲ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಚಿಪ್ಪು ಅಣಬೆ ತನ್ನಿ. ಪುರಾವೆಯ ಲೆಕ್ಕದಲ್ಲಿ ಇದು ಔಷಧ ಅಲ್ಲ, ಊಟ. ಆದರೆ ನಾರು ಇದೆ, ಪ್ರೋಟೀನ್ ಇದೆ, ಸಕ್ಕರೆ ಏರಿಸುವುದಿಲ್ಲ. ಅನ್ನ ಕಡಿಮೆ ಮಾಡಿ ತಟ್ಟೆ ತುಂಬಿಸಬೇಕಾದ ಪಿಸಿಓಡಿಯವರಿಗೆ ಇದು ನಿಜವಾಗಿ ಒದಗುತ್ತದೆ. ಅಡುಗೆಗೆ ಮೊದಲು ಗೀರುಗೀರಾದ ಕೆಳಭಾಗ ಮೇಲೆ ಬರುವಂತೆ ಮೊರದಲ್ಲಿ ಹರಡಿ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಹೊತ್ತು ಇಡಿ. ಅಣಬೆ ಬಿಸಿಲಿನಲ್ಲಿ ವಿಟಮಿನ್ ಡಿ ಮಾಡಿಕೊಳ್ಳುತ್ತದೆ. ಶಿಟಾಕೆ ಸಿಕ್ಕರೆ ಚೆನ್ನಾಗಿ ಬೇಯಿಸಿ. ಅರೆಬೆಂದದ್ದು ತಿಂದರೆ ಕೆಲವರಿಗೆ ಬೆನ್ನಿನ ಮೇಲೆ ಬಾರುಕೋಲಿನ ಏಟು ಬಿದ್ದ ಹಾಗೆ ಕೆಂಪು ಗೆರೆ ಏಳುತ್ತದೆ.

ಬಸುರಿಯರು, ಎದೆಹಾಲು ಕುಡಿಸುವವರು ಅಡುಗೆಯ ಅಣಬೆ ತಿನ್ನಬಹುದು, ಸಾರ ಮತ್ತು ಕ್ಯಾಪ್ಸೂಲ್ ಯಾವುದೂ ಬೇಡ. ಆಪರೇಷನ್ ಇದ್ದರೆ ಎರಡು ವಾರ ಮುಂಚೆ ನಿಲ್ಲಿಸಿ. ಮಗುವಿಗೆ ಪ್ರಯತ್ನಿಸುತ್ತಿರುವವರು 35 ದಾಟಿದ್ದು, ಆರು ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ, ಅಣಬೆ ಬದಿಗಿಟ್ಟು ಡಾಕ್ಟರನ್ನು ನೋಡಿ. ಪಿಸಿಓಡಿಗೆಂದು ಮೈಟಾಕೆ ಶುರುಮಾಡಿದವರಿಗೆ ಇನ್ನೊಂದು: ನಿಂತುಹೋದ ಅಂಡ ಬಿಡುಗಡೆ ಮತ್ತೆ ಶುರುವಾದರೆ ನಿಮಗೆ ಗೊತ್ತಿಲ್ಲದೇ ಗರ್ಭ ನಿಲ್ಲಬಹುದು. "ನನಗೆ ಹೇಗೂ ಮುಟ್ಟು ತಡವೇ" ಎಂದು ಸುಮ್ಮನಿರಬೇಡಿ. ತಡವಾದಾಗೆಲ್ಲ ಒಂದು ಪ್ರೆಗ್ನೆನ್ಸಿ ಕಿಟ್ ತಂದು ನೋಡಿ. ಎರಡು ಗೆರೆ ಬಂದರೆ ಅವತ್ತೇ ಡಬ್ಬಿ ಮುಚ್ಚಿ. ಮಗು ಸದ್ಯಕ್ಕೆ ಬೇಡ ಎನ್ನುವವರು ಮೊದಲ ದಿನದಿಂದಲೇ ಕಾಂಡೋಮ್ ಬಳಸಿ.